ಪ್ರಶ್ನೋತ್ತರ: ಮುರಿದಿರುವುದು ಮೊದಲ ಮೆಟ್ಟಿಲು

ಅಮೆರಿಕದ ಕಾರ್ಪೊರೇಟ್ ಕಂಪನಿಗಳಲ್ಲಿ ಕಪ್ಪು ಮಹಿಳೆಯರು ನಾಯಕತ್ವದ ಹುದ್ದೆಗೆ ಏರುವುದು ಏಕೆ ಇಷ್ಟು ಕಷ್ಟ? ಈ ಕುರಿತು ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಬಾರಿಯ ಅಂಕಣ ಮೀಸಲು. ಅಲ್ಲಿನ ಬಡ್ತಿ ವ್ಯವಸ್ಥೆ, ಸಂಬಳದ ಲೆಕ್ಕಾಚಾರ, ಉದ್ಯೋಗ ಕಾನೂನು ಬಲ್ಲವರು ಉತ್ತರಿಸಿದ್ದಾರೆ.

ಪ್ರಶ್ನೆ: ಫಾರ್ಚೂನ್ 500 ಪಟ್ಟಿಯ ಕಂಪನಿಗಳಲ್ಲಿ ಕಪ್ಪು ಮಹಿಳೆಯರು ಸಿಇಒ ಆಗಿದ್ದಾರೆಯೇ? ಯಾರು?
— ಸಾಮಾನ್ಯ ಜ್ಞಾನ ಪರೀಕ್ಷೆಗೆ ಓದುತ್ತಿರುವವರು

ಆಗಿದ್ದಾರೆ, ಆದರೆ ಎಣಿಸಲು ಒಂದು ಕೈಯ ಬೆರಳು ಸಾಕು. ಅತಿ ಹೆಚ್ಚು ಆದಾಯವಿರುವ ಅಮೆರಿಕದ 500 ಕಂಪನಿಗಳ ಈ ಫಾರ್ಚೂನ್ ಪಟ್ಟಿ ಶುರುವಾದದ್ದು 1955ರಲ್ಲಿ. ಮೊದಲ ಕಪ್ಪು ಮಹಿಳಾ ಸಿಇಒ ಬಂದದ್ದು 2009ರ ಜುಲೈನಲ್ಲಿ: ಜೆರಾಕ್ಸ್‌ನ ಅರ್ಸುಲಾ ಬರ್ನ್ಸ್. ಅವರಿಗೆ ಅಧಿಕಾರ ಬಿಟ್ಟುಕೊಟ್ಟವರು ಆ್ಯನ್ ಮಲ್ಕಾಹಿ. ಆ ಪಟ್ಟಿಯ ಕಂಪನಿಯೊಂದರಲ್ಲಿ ಮಹಿಳೆಯಿಂದ ಮಹಿಳೆಗೆ ಸಿಇಒ ಹುದ್ದೆ ಹೋದದ್ದೂ ಅದೇ ಮೊದಲು. ನಂತರ 2019ರಲ್ಲಿ ಬೆಡ್ ಬಾತ್ ಆ್ಯಂಡ್ ಬಿಯಾಂಡ್‌ನಲ್ಲಿ ಮೇರಿ ವಿನ್‌ಸ್ಟನ್, ಅದೂ ಹಂಗಾಮಿಯಾಗಿ. 2021ರ ಮಾರ್ಚ್‌ನಲ್ಲಿ ವಾಲ್‌ಗ್ರೀನ್ಸ್‌ಗೆ ರೋಸಲಿಂಡ್ ಬ್ರೂವರ್, ಅದೇ ವರ್ಷದ ಮೇ ತಿಂಗಳಲ್ಲಿ ನಿವೃತ್ತಿ ಉಳಿತಾಯದ ಹಣಕಾಸು ಸಂಸ್ಥೆ ಟಿಐಎಎಗೆ ಥಸುಂಡಾ ಬ್ರೌನ್ ಡಕೆಟ್, 2023ರಲ್ಲಿ ತಂತ್ರಜ್ಞಾನ ಸೇವೆಯ ಕಂಪನಿ ಎಸ್‌ಎಐಸಿಗೆ ಟೋನಿ ಟೌನ್ಸ್-ವಿಟ್ಲಿ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಹೆಸರುಗಳನ್ನು ಉರು ಹೊಡೆಯುವುದಕ್ಕಿಂತ, ಈ ಪಟ್ಟಿ ಏಕೆ ಇಷ್ಟು ಚಿಕ್ಕದು ಎಂದು ಕೇಳಿಕೊಂಡರೆ ಹೆಚ್ಚು ಲಾಭ. ಮುಂದಿನ ಪ್ರಶ್ನೆ ಅದನ್ನೇ ಕೇಳುತ್ತದೆ.

ಪ್ರಶ್ನೆ: ತಡೆ ಇರುವುದು ಮೇಲ್ತುದಿಯಲ್ಲಿ, ಅದಕ್ಕೇ ಅದನ್ನು ಗಾಜಿನ ಚಾವಣಿ ಎನ್ನುತ್ತಾರೆ ಎಂದು ಓದಿದ್ದೆ. ಕೆಳಗಿನ ಹಂತಗಳಲ್ಲಿ ಈಗ ಎಲ್ಲರಿಗೂ ಸಮಾನ ಅವಕಾಶ ಇದೆಯಲ್ಲವೇ?
— ಎಂಬಿಎ ವಿದ್ಯಾರ್ಥಿನಿ

ಚಾವಣಿ ಎಂಬ ಹೋಲಿಕೆಯೇ ದಾರಿ ತಪ್ಪಿಸುತ್ತದೆ. ಅದನ್ನು ಕೇಳಿದವರೆಲ್ಲ ತಲೆ ಎತ್ತಿ ಮೇಲೆ ನೋಡುತ್ತಾರೆ. ಜಾರುತ್ತಿರುವುದು ಕಾಲ ಬುಡದಲ್ಲಿ.

ವ್ಯವಹಾರ ಸಲಹಾ ಸಂಸ್ಥೆ ಮೆಕಿನ್ಸಿ ಮತ್ತು ಉದ್ಯೋಗಸ್ಥ ಮಹಿಳೆಯರ ಪರ ಕೆಲಸ ಮಾಡುವ ಲೀನ್‌ಇನ್ ಜೊತೆಗೂಡಿ 2015ರಿಂದ ಪ್ರತಿ ವರ್ಷ ಅಮೆರಿಕದ ಕಂಪನಿಗಳಲ್ಲಿ ಮಹಿಳೆಯರ ಸ್ಥಿತಿಯ ವರದಿ ಹೊರತರುತ್ತಿವೆ. ಆರಂಭದ ಹಂತದ ಕೆಲಸದಿಂದ ಮ್ಯಾನೇಜರ್ ಹುದ್ದೆಗೆ ಸಿಗುವ ಮೊದಲ ಬಡ್ತಿಯನ್ನು ಅವರು 'ಮುರಿದ ಮೆಟ್ಟಿಲು' ಎಂದು ಕರೆಯುತ್ತಾರೆ. 2024ರ ವರದಿಯ ಪ್ರಕಾರ 100 ಪುರುಷರಿಗೆ ಆ ಬಡ್ತಿ ಸಿಕ್ಕರೆ ಮಹಿಳೆಯರಿಗೆ ಸಿಕ್ಕಿದ್ದು 81, ಕಪ್ಪು ಮಹಿಳೆಯರಿಗೆ 54. ಕಪ್ಪು ಮಹಿಳೆಯರ ಸಂಖ್ಯೆಯೇ ಕಡಿಮೆಯಲ್ಲವೇ ಎಂದು ಇಲ್ಲಿ ಹಲವರು ಎಡವುತ್ತಾರೆ. ಇದು ತಲೆ ಎಣಿಕೆಯಲ್ಲ, ದರ. ಎರಡೂ ಗುಂಪು ಒಂದೇ ಗಾತ್ರದ್ದಾಗಿದ್ದರೆ ಎಷ್ಟು ಮಂದಿ ಮೇಲೇರುತ್ತಿದ್ದರು ಎಂಬ ಲೆಕ್ಕ.

ಈಗ ಒಂದು ಕಾಗದ ತೆಗೆದುಕೊಳ್ಳಿ. ಪ್ರತಿ ಹಂತದಲ್ಲೂ ಇದೇ ದರ ಇದೆ ಎಂದು ಸುಮ್ಮನೆ ಊಹಿಸಿ. ಮೊದಲ ಹಂತ ದಾಟುವವರು 54, ಎರಡನೆಯದನ್ನು ದಾಟುವವರು 29, ಮೂರನೆಯದನ್ನು ದಾಟುವವರು 16. ಮೇಲಿನ ಹಂತಗಳ ದರ ವಾಸ್ತವದಲ್ಲಿ ಇಷ್ಟು ಕೆಟ್ಟದಾಗಿರಬೇಕೆಂದೇನೂ ಇಲ್ಲ. ಆದರೆ ಮೊದಲ ಹಂತದಲ್ಲಿ ಕಳೆದುಹೋದ 46 ಮಂದಿ, ಮುಂದೆ ಎಲ್ಲವೂ ನ್ಯಾಯವಾಗಿ ನಡೆದರೂ ಮರಳಿ ಬರುವುದಿಲ್ಲ. 2024ರಲ್ಲಿ ಅಗ್ರ ಕಾರ್ಯನಿರ್ವಾಹಕ ಹುದ್ದೆಗಳಲ್ಲಿ ಮಹಿಳೆಯರು ಶೇ 29; ಬಿಳಿಯರಲ್ಲದ ಎಲ್ಲ ಮಹಿಳೆಯರನ್ನೂ ಸೇರಿಸಿದರೆ ಶೇ 7. ಕಪ್ಪು ಮಹಿಳೆಯರು ಆ ಏಳರೊಳಗಿನ ಒಂದು ಪಾಲು ಮಾತ್ರ.

ಮೊದಲ ಮೆಟ್ಟಿಲೇ ಏಕೆ? ಆ ಹಂತದಲ್ಲಿ ಅಳೆಯಲು ಹೆಚ್ಚೇನೂ ಇರುವುದಿಲ್ಲ. ಇಪ್ಪತ್ತೈದು ವರ್ಷದವರ ಹೆಸರಿನಲ್ಲಿ ಮಾರಾಟದ ಅಂಕಿಯಾಗಲಿ, ಉಳಿಸಿದ ಗ್ರಾಹಕರ ಲೆಕ್ಕವಾಗಲಿ ಅಪರೂಪ. ಆದ್ದರಿಂದ 'ಮುಂದೆ ಬೆಳೆಯುವ ಲಕ್ಷಣ ಇದೆ' ಎಂಬ ಅಂದಾಜಿನ ಮೇಲೆ ಆಯ್ಕೆ ನಡೆಯುತ್ತದೆ. ಆ ಲಕ್ಷಣ ಯಾರ ಮುಖದಲ್ಲಿ ಕಾಣುತ್ತದೆ? ಆಯ್ಕೆ ಮಾಡುವವರಿಗೆ ಆ ವಯಸ್ಸಿನ ತಮ್ಮನ್ನು ನೆನಪಿಸುವವರ ಮುಖದಲ್ಲಿ. ಜೊತೆಗೆ ಈ ಹುದ್ದೆಗಳು ಎಷ್ಟೋ ಕಡೆ ಪ್ರಕಟಣೆಯಿಲ್ಲದೆ, ಬಾಯಿಮಾತಿನಲ್ಲೇ ತುಂಬಿಬಿಡುತ್ತವೆ.

2020ರ ಮೇ ತಿಂಗಳಲ್ಲಿ ಮಿನಿಯಾಪೊಲಿಸ್‌ನಲ್ಲಿ ಪೊಲೀಸರ ಕೈಯಲ್ಲಿ ಕಪ್ಪು ವರ್ಣದ ಜಾರ್ಜ್ ಫ್ಲಾಯ್ಡ್ ಸತ್ತ ಮೇಲೆ ಕಂಪನಿಗಳು ಸಮಾನ ಅವಕಾಶದ ಭರವಸೆಗಳನ್ನು ಪುಂಖಾನುಪುಂಖ ಕೊಟ್ಟವು. ಆ ವರ್ಷದ ವರದಿಯಲ್ಲಿ ಇದೇ ಅಂಕಿ 58 ಇತ್ತು. 2023ರಲ್ಲಿ 54, 2024ರಲ್ಲೂ 54.

ಪ್ರಶ್ನೆ: ಮಾರ್ಗದರ್ಶಕರು ಸಿಕ್ಕರೆ ಸಾಕು, ದಾರಿ ತೆರೆಯುತ್ತದೆ ಎನ್ನುತ್ತಾರೆ. ನಿಜವೇ? ಯಾವ ಹುದ್ದೆಗಳನ್ನು ಆರಿಸಿಕೊಂಡವರು ಮೇಲೆ ಹೋಗುತ್ತಾರೆ?
— ಅಮೆರಿಕದಲ್ಲಿ ಕೆಲಸ ಮಾಡುವ ಓದುಗರು. ಕಪ್ಪು ಸಹೋದ್ಯೋಗಿಯೊಬ್ಬರೊಂದಿಗಿನ ಮಾತುಕತೆಯ ನಂತರ ಬರೆದದ್ದು

ಮಾರ್ಗದರ್ಶಕರು, ಅಂದರೆ ಮೆಂಟರ್, ನಿಮ್ಮೊಂದಿಗೆ ಮಾತಾಡುವವರು. ಸ್ಪಾನ್ಸರ್ ಎಂದರೆ ನೀವಿಲ್ಲದ ಕೋಣೆಯಲ್ಲಿ ನಿಮ್ಮ ಬಗ್ಗೆ ಮಾತಾಡುವವರು. ಬಡ್ತಿ ತೀರ್ಮಾನವಾಗುವುದು ಎರಡನೇ ಕೋಣೆಯಲ್ಲಿ. ಕಪ್ಪು ಮಹಿಳೆಯರಿಗೆ ಕಂಪನಿಗಳು ಮೆಂಟರ್ ಕಾರ್ಯಕ್ರಮಗಳನ್ನು ಧಾರಾಳವಾಗಿ ಕೊಡುತ್ತವೆ, ಏಕೆಂದರೆ ಅದಕ್ಕೆ ಖರ್ಚಿಲ್ಲ, ಯಾರ ಅಧಿಕಾರವೂ ಪಣಕ್ಕೆ ಬೀಳುವುದಿಲ್ಲ. ಸ್ಪಾನ್ಸರ್ ಹಾಗಲ್ಲ, ತನ್ನ ಹೆಸರನ್ನೇ ಒತ್ತೆ ಇಡಬೇಕು.

ಅರ್ಸುಲಾ ಬರ್ನ್ಸ್ ಅವರ ದಾರಿ ಇದಕ್ಕೆ ಒಳ್ಳೆಯ ಪಾಠ. 1980ರಲ್ಲಿ ಬೇಸಿಗೆ ಇಂಟರ್ನ್ ಆಗಿ ಜೆರಾಕ್ಸ್ ಸೇರಿದ ಮೆಕ್ಯಾನಿಕಲ್ ಎಂಜಿನಿಯರ್ ಅವರು. 1989ರ ಸಭೆಯೊಂದರಲ್ಲಿ, ವೈವಿಧ್ಯದ (ಎಲ್ಲ ವರ್ಣ, ಲಿಂಗದವರನ್ನೂ ಸೇರಿಸಿಕೊಳ್ಳುವ) ಹೆಸರಿನಲ್ಲಿ ನೇಮಕದ ಗುಣಮಟ್ಟ ಇಳಿಯುತ್ತದೆಯೇ ಎಂದು ಯಾರೋ ಕೇಳಿದರು. ಹಿರಿಯ ಅಧಿಕಾರಿ ವೇಲ್ಯಾಂಡ್ ಹಿಕ್ಸ್ ಅದಕ್ಕೆ ಮೆತ್ತಗೆ ಉತ್ತರ ಕೊಟ್ಟಾಗ ಬರ್ನ್ಸ್ ನೇರವಾಗಿ ಆಕ್ಷೇಪಿಸಿದರು. ಅದೇ ಹಿಕ್ಸ್ 1990ರಲ್ಲಿ ಅವರನ್ನು ತಮ್ಮ ಕಾರ್ಯನಿರ್ವಾಹಕ ಸಹಾಯಕಿಯನ್ನಾಗಿ ಮಾಡಿಕೊಂಡರು. ಮರುವರ್ಷ ಕಂಪನಿಯ ಮುಖ್ಯಸ್ಥ ಪಾಲ್ ಅಲೇರ್ ಅವರಿಗೆ ಸಹಾಯಕಿ. ಹೆಸರು ಕೇಳಿದರೆ ಫೈಲು ಹೊರುವ ಕೆಲಸ ಅನ್ನಿಸುತ್ತದೆ. ಅಸಲಿಗೆ ಅದು ತೀರ್ಮಾನಗಳು ಹೇಗೆ ಆಗುತ್ತವೆ ಎಂದು ಪಕ್ಕದಲ್ಲೇ ಕುಳಿತು ನೋಡುವ ಕುರ್ಚಿ. ನೇರವಾಗಿ ಮಾತಾಡಿದರೆ ಬಡ್ತಿ ಸಿಗುತ್ತದೆ ಎಂಬ ಪಾಠವನ್ನು ಮಾತ್ರ ಇದರಿಂದ ಕಲಿಯಬೇಡಿ. ಎದುರಿನವರು ಹಿಕ್ಸ್ ಅಲ್ಲದಿದ್ದರೆ ಅದೇ ಮಾತಿಗೆ ಬಾಗಿಲು ಮುಚ್ಚುತ್ತಿತ್ತು.

ಸ್ಪಾನ್ಸರ್ ಹತ್ತಿರ ಕೇಳುವಾಗ ಮೊಗಮ್ಮಾಗಿ 'ನನಗೆ ಬೆಂಬಲ ಕೊಡಿ' ಎನ್ನಬಾರದು. ಹುದ್ದೆಯ ಹೆಸರು, ಅದು ಖಾಲಿಯಾಗುವ ಅಂದಾಜು ತಿಂಗಳು, ಅದಕ್ಕೆ ತಾನು ಸಲ್ಲುವೆ ಎನ್ನಲು ಎರಡು ಫಲಿತಾಂಶ — ಇಷ್ಟನ್ನು ಇಟ್ಟು, 'ಪಟ್ಟಿ ಮಾಡುವಾಗ ನನ್ನ ಹೆಸರು ಹೇಳುವಿರಾ? ಇಲ್ಲವಾದರೆ ಏನು ಕೊರತೆ?' ಎಂದು ಕೇಳಬೇಕು. ಹೌದು ಅಥವಾ ಕೊರತೆ, ಎರಡರಲ್ಲಿ ಯಾವುದು ಬಂದರೂ ಉಪಯೋಗವೇ. 'ನೋಡೋಣ' ಎಂದರೆ ಬೇರೆಯವರನ್ನು ಹುಡುಕಬೇಕು. ಒಬ್ಬರನ್ನೇ ನೆಚ್ಚಿಕೊಂಡರೆ ಅವರು ಕಂಪನಿ ಬಿಟ್ಟ ದಿನ ಏಣಿಯೂ ಹೋಗುತ್ತದೆ. ಬೇರೆ ಬೇರೆ ವಿಭಾಗದ ಇಬ್ಬರಾದರೂ ಇರಬೇಕು. ಇನ್ನೊಂದು ಅಪಾಯವನ್ನು ಮನಶ್ಶಾಸ್ತ್ರಜ್ಞೆ ಕೀಶಾ ಥಾಮಸ್ 2013ರಲ್ಲಿ 'ಮುದ್ದಿನವಳಿಂದ ಬೆದರಿಕೆಗೆ' ಎಂದು ವಿವರಿಸಿದರು. ಕಲಿಯುವವಳಾಗಿದ್ದಾಗ ಬೆನ್ನು ತಟ್ಟಿದ ಹಿರಿಯರೇ, ಆಕೆ ಸರಿಸಮ ನಿಂತು ತನ್ನ ಅಭಿಪ್ರಾಯ ಹೇಳಲಾರಂಭಿಸಿದಾಗ ದೂರ ಸರಿಯುತ್ತಾರೆ. ವೃತ್ತಿಯ ನಡುಹಂತದಲ್ಲಿ ಒಮ್ಮೆಲೇ ಸಭೆಗಳ ಆಹ್ವಾನ ನಿಂತಿದ್ದರೆ, ಕೆಲಸದಲ್ಲಿ ತಪ್ಪು ಹುಡುಕಿಕೊಳ್ಳುವ ಮೊದಲು ಈ ಸಾಧ್ಯತೆಯನ್ನು ನೋಡಬೇಕು.

ಇನ್ನು ಹುದ್ದೆಯ ವಿಚಾರ. ಕಂಪನಿಯಲ್ಲಿ ಎರಡು ಬಗೆಯ ಕುರ್ಚಿಗಳಿವೆ: ಲಾಭ-ನಷ್ಟದ ಹೊಣೆ ಇರುವವು, ಇಲ್ಲದವು. ಕಾರ್ಖಾನೆ, ಉತ್ಪನ್ನ, ಪ್ರದೇಶ, ಮಾರಾಟ ಮೊದಲನೆಯವು. ಎಚ್‌ಆರ್, ಸಂವಹನ, ಸಮುದಾಯ ಸಂಬಂಧ, ವೈವಿಧ್ಯ ವಿಭಾಗ ಎರಡನೆಯವು. ಸಿಇಒ ಹುದ್ದೆಗೆ ಹೋಗುವ ಹೆದ್ದಾರಿ ಮೊದಲನೆಯದು. ಬ್ರೂವರ್ ಅವರನ್ನೇ ನೋಡಿ: ರಸಾಯನಶಾಸ್ತ್ರ ಓದಿ ಕಿಂಬರ್ಲಿ-ಕ್ಲಾರ್ಕ್‌ನಲ್ಲಿ 22 ವರ್ಷ, 2012ರಿಂದ ವಾಲ್‌ಮಾರ್ಟ್‌ನ ಸ್ಯಾಮ್ಸ್ ಕ್ಲಬ್ ಮುಖ್ಯಸ್ಥೆ, ನಂತರ ಸ್ಟಾರ್‌ಬಕ್ಸ್‌ನಲ್ಲಿ ದಿನನಿತ್ಯದ ವ್ಯವಹಾರ ನಡೆಸುವ ಸಿಒಒ. ಎಲ್ಲವೂ ಲೆಕ್ಕಕ್ಕೆ ಸಿಗುವ ಕೆಲಸ. 2020ರ ನಂತರ ಹಲವು ಕಪ್ಪು ಮಹಿಳೆಯರಿಗೆ 'ಮುಖ್ಯ ವೈವಿಧ್ಯ ಅಧಿಕಾರಿ' ಎಂಬ ದೊಡ್ಡ ಹೆಸರಿನ ಹುದ್ದೆ ಸಿಕ್ಕಿತು. ಗಾಳಿ ತಿರುಗಿದಾಗ ಮೊದಲು ಕತ್ತರಿ ಬಿದ್ದ ಹುದ್ದೆಗಳಲ್ಲಿ ಅದೂ ಒಂದು. ಆ ಕೆಲಸಕ್ಕೆ ಬೆಲೆಯಿಲ್ಲ ಎಂದಲ್ಲ, ಅಲ್ಲಿಂದ ಮೇಲಕ್ಕೆ ಮೆಟ್ಟಿಲಿಲ್ಲ.

ಹೊಸ ಹುದ್ದೆ ಎದುರಿಗೆ ಬಂದಾಗ ಪದನಾಮಕ್ಕೆ ಮರುಳಾಗದೆ ನಾಲ್ಕು ಪ್ರಶ್ನೆ ಕೇಳಬೇಕು. ನನ್ನ ಸಹಿಯಿಂದಲೇ ಖರ್ಚು ಮಾಡಬಹುದಾದ ಮೊತ್ತ ಎಷ್ಟು? ನನಗೆ ನೇರ ವರದಿ ಮಾಡುವವರು ಎಷ್ಟು ಮಂದಿ? ವರ್ಷದ ಕೊನೆಗೆ ಯಾವ ಅಂಕಿಯ ಮೇಲೆ ನನ್ನನ್ನು ಅಳೆಯುತ್ತೀರಿ? ಹಿಂದೆ ಈ ಹುದ್ದೆಯಲ್ಲಿದ್ದ ಇಬ್ಬರು ಈಗ ಎಲ್ಲಿದ್ದಾರೆ? ಕೊನೆಯ ಪ್ರಶ್ನೆಗೆ ಬರುವ ಉತ್ತರ ಉಳಿದ ಮೂರಕ್ಕಿಂತ ಹೆಚ್ಚು ಹೇಳುತ್ತದೆ.

ಪ್ರಶ್ನೆ: ಅಮೆರಿಕದ ಕಂಪನಿಯಲ್ಲಿ ತಂಡದ ಮುಖ್ಯಸ್ಥೆ ನಾನು. ತಂಡದಲ್ಲಿ ಇಬ್ಬರು ಕಪ್ಪು ಮಹಿಳೆಯರಿದ್ದಾರೆ. ವಾರ್ಷಿಕ ಮೌಲ್ಯಮಾಪನದಲ್ಲಿ ನನಗೇ ಗೊತ್ತಿಲ್ಲದೆ ಅನ್ಯಾಯ ಮಾಡದಿರಲು ಏನು ಎಚ್ಚರ ವಹಿಸಲಿ?
— ಹೆಸರು ಬೇಡವೆಂದವರು

ಒಳ್ಳೆಯ ಮನಸ್ಸು ಇಲ್ಲಿ ಕೆಲಸಕ್ಕೆ ಬಾರದು, ವಿಧಾನ ಬೇಕು. ಮತ್ತು ಆ ವಿಧಾನ ತಂಡದ ಎಲ್ಲರಿಗೂ ಒಂದೇ ಇರಬೇಕು. ಇಬ್ಬರಿಗೆ ಮಾತ್ರ ಬೇರೆ ತಕ್ಕಡಿ ಹಿಡಿದರೆ ಅದು ಕಾನೂನಿಗೂ ವಿರುದ್ಧ.

ಹೆಸರು ನೋಡುವ ಮೊದಲು ಮಾನದಂಡ ಬರೆಯಿರಿ. ಮೂರೋ ನಾಲ್ಕೋ ಸಾಕು. ಇದನ್ನು ತಪ್ಪಿಸಿದರೆ ಆಗುವುದು ಹೀಗೆ: ಮೆಚ್ಚಿದವರಿಗೆ ಅನುಭವ ಇದ್ದರೆ ಅನುಭವ ಮುಖ್ಯವಾಗುತ್ತದೆ, ಪದವಿ ಇದ್ದರೆ ಪದವಿ. ಮಾನದಂಡವೇ ವ್ಯಕ್ತಿಯ ಹಿಂದೆ ಓಡುತ್ತದೆ, ಓಡುತ್ತಿರುವುದು ಓಡಿಸಿದವರಿಗೇ ಕಾಣುವುದಿಲ್ಲ. ಆಮೇಲೆ ಪ್ರತಿ ಮಾನದಂಡಕ್ಕೂ ದಿನಾಂಕ ಸಹಿತ ಎರಡು ಸಾಕ್ಷ್ಯ ಬರೆಯಿರಿ, ಒಂದು ವರ್ಷದ ಮೊದಲರ್ಧದಿಂದ, ಇನ್ನೊಂದು ದ್ವಿತೀಯಾರ್ಧದಿಂದ. ಕೊನೆಯ ಆರು ವಾರದ ನೆನಪಿನ ಮೇಲೆ ಬರೆದ ಮೌಲ್ಯಮಾಪನದಲ್ಲಿ ಅನಿಸಿಕೆಗೇ ಜಾಗ ಹೆಚ್ಚು.

ಬರೆದ ಮೇಲೆ ವಿಶೇಷಣಗಳನ್ನು ಹುಡುಕಿ. ಕಟು, ಒರಟು, ಧೋರಣೆ ಸರಿಯಿಲ್ಲ, ಸಿಡುಕು — ಕಪ್ಪು ಮಹಿಳೆಯರ ಮೌಲ್ಯಮಾಪನದಲ್ಲಿ ಇಂಥವು ಇಣುಕಿದರೆ ಅಲ್ಲೇ ನಿಲ್ಲಿ. 'ಸಿಟ್ಟಿನ ಕಪ್ಪು ಹೆಂಗಸು' ಎಂಬ ಅಚ್ಚು ಅಮೆರಿಕದ ಮನಸ್ಸಿನಲ್ಲಿ ಬಹಳ ಹಳೆಯದು. ವಿಶೇಷಣ ಅಳಿಸಿ ಆ ಜಾಗದಲ್ಲಿ ಯಾವ ದಿನ, ಏನು ಮಾಡಿದರು, ಅದರಿಂದ ಕೆಲಸಕ್ಕೆ ಏನಾಯಿತು ಎಂದು ಬರೆಯಿರಿ. ಬರೆಯಲು ಆಗದಿದ್ದರೆ ಆ ಮಾತು ಮೌಲ್ಯಮಾಪನದಲ್ಲಿ ಇರಬೇಕಾಗಿಲ್ಲ.

ಇದಕ್ಕೆ ವಿರುದ್ಧ ದಿಕ್ಕಿನ ತಪ್ಪೂ ಇದೆ, ಅದನ್ನು ಯಾರೂ ತಪ್ಪೆಂದು ಗುರುತಿಸುವುದಿಲ್ಲ. ವರ್ಣದ್ವೇಷಿ ಎನ್ನಿಸಿಕೊಳ್ಳುವ ಅಂಜಿಕೆಯಿಂದ ಮ್ಯಾನೇಜರ್ ಟೀಕೆಯನ್ನೇ ನುಂಗಿಬಿಡುತ್ತಾರೆ. 'ಚೆನ್ನಾಗಿದೆ, ಹೀಗೇ ಮುಂದುವರಿಸಿ' ಎಂದು ಮೂರು ವರ್ಷ; ನಾಲ್ಕನೇ ವರ್ಷ ಬಡ್ತಿ ಸಭೆಯಲ್ಲಿ 'ಇನ್ನೂ ಸಿದ್ಧವಿಲ್ಲ'. ಪಕ್ಕದ ಮೇಜಿನವನಿಗೆ ಮೊದಲ ವರ್ಷವೇ 'ನಿನ್ನ ಲೆಕ್ಕದ ಹಾಳೆಯಲ್ಲಿ ಊಹೆಗಳನ್ನು ಬರೆದಿಲ್ಲ, ಹಣಕಾಸಿನವರು ಅಲ್ಲೇ ಹಿಡಿಯುತ್ತಾರೆ' ಎಂದು ತಿದ್ದಿರುತ್ತಾರೆ. ಬೆಳೆಸಿದ್ದು ಆ ತಿದ್ದುಪಡಿ. ಹೊಗಳಿಕೆಯ ಹೆಸರಿನಲ್ಲಿ ಆಕೆಯಿಂದ ಕಿತ್ತುಕೊಂಡದ್ದೂ ಅದನ್ನೇ.

ಕಚೇರಿಯ 'ಮನೆಗೆಲಸ'ದ ಪಟ್ಟಿ ಮಾಡಿ: ಸಭೆಯ ಟಿಪ್ಪಣಿ, ಹೊಸಬರಿಗೆ ಪರಿಚಯ, ಸಮಾರಂಭದ ಏರ್ಪಾಟು, ನೇಮಕಾತಿ ಮೇಳದಲ್ಲಿ ಕಂಪನಿಯ ಮುಖವಾಗಿ ನಿಲ್ಲುವುದು, ವೈವಿಧ್ಯ ಸಮಿತಿ. ಮೂರು ತಿಂಗಳಿನದನ್ನು ಹೆಸರು ಹಾಕಿ ಬರೆದರೆ ಹೊರೆ ಯಾರ ತಲೆಯ ಮೇಲಿದೆ ಎಂದು ತಾನೇ ಕಾಣುತ್ತದೆ. ಸರದಿ ಹಾಕಿ. ಸಮಿತಿ ಕೆಲಸ ಕಂಪನಿಗೆ ಬೇಕೇ ಬೇಕೆಂದರೆ ಮೌಲ್ಯಮಾಪನದಲ್ಲಿ ಅದಕ್ಕೆ ಅಂಕ ಕೊಡಿ, ಕೊಡಲಾಗದಿದ್ದರೆ ಕೇಳಬೇಡಿ.

ಕೊನೆಗೆ, ಮ್ಯಾನೇಜರ್‌ಗಳೆಲ್ಲ ಕುಳಿತು ಶ್ರೇಣಿ ಸರಿಹೊಂದಿಸುವ ಸಭೆ. ಪ್ರತಿಯೊಬ್ಬರಿಗೂ ಒಂದೇ ಅವಧಿ ಇಡಿ, ಐದು ನಿಮಿಷವಾದರೆ ಎಲ್ಲರಿಗೂ ಐದು. ಯಾರಿಗಾದರೂ 'ಇನ್ನೂ ಸಿದ್ಧವಿಲ್ಲ' ಎಂದರೆ, ಏನು ಕೊರತೆ, ಆ ಅನುಭವ ಕೊಡುವ ಕೆಲಸವನ್ನು ಯಾರು ಯಾವ ತಿಂಗಳೊಳಗೆ ಕೊಡುತ್ತಾರೆ ಎಂದು ಅದೇ ಸಭೆಯಲ್ಲಿ ಬರೆದುಕೊಳ್ಳಿ. ಬರೆಯದ ಕೊರತೆ ಪ್ರತಿ ವರ್ಷ ಹೊಸ ರೂಪದಲ್ಲಿ ಬರುತ್ತದೆ.

ಪ್ರಶ್ನೆ: ಮುಳುಗುತ್ತಿರುವ ಕಂಪನಿಗೆ ಬೇಕೆಂದೇ ಮಹಿಳೆಯರನ್ನು ಮುಖ್ಯಸ್ಥರನ್ನಾಗಿ ಮಾಡುತ್ತಾರಂತೆ. ಅಂಥ ಹುದ್ದೆ ಬಂದರೆ ಒಪ್ಪಬೇಕೇ?

ಬ್ರಿಟನ್ನಿನ ಎಕ್ಸೆಟರ್ ವಿಶ್ವವಿದ್ಯಾಲಯದ ಮಿಶೆಲ್ ರಯಾನ್ ಮತ್ತು ಅಲೆಕ್ಸ್ ಹ್ಯಾಸ್ಲಮ್ 2005ರಲ್ಲಿ ಇದಕ್ಕೆ 'ಗಾಜಿನ ಕಡಿದಾದ ಅಂಚು' ಎಂಬರ್ಥದ ಹೆಸರು ಕೊಟ್ಟರು. ಬೇಕೆಂದೇ ಮಾಡುತ್ತಾರೆ ಎನ್ನುವುದು ಪ್ರತಿ ಪ್ರಕರಣಕ್ಕೂ ಸಲ್ಲದು. ಬೇರೆಯವರು ನಿರಾಕರಿಸಿದ ಹುದ್ದೆ ಕೊನೆಗೆ ಆಯ್ಕೆ ಕಡಿಮೆ ಇರುವವರ ಬಳಿ ಬರುವುದೂ ಉಂಟು.

ಕಪ್ಪು ಮಹಿಳೆಯರಿಗೆ ಇಲ್ಲಿ ಅಪಾಯ ಇಮ್ಮಡಿ. 2012ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳನ್ನು ಒಟ್ಟಿಗೆ ಓದಬೇಕು. ರಾಬರ್ಟ್ ಲಿವಿಂಗ್‌ಸ್ಟನ್ ಮತ್ತು ಸಂಗಡಿಗರು ಕಂಡದ್ದು: ನಾಯಕಿ ದರ್ಪದಿಂದ ಮಾತಾಡಿದಾಗ ಬಿಳಿಯ ಮಹಿಳೆಗೆ ಬೀಳುವ ಪೆಟ್ಟು ಕಪ್ಪು ಮಹಿಳೆಗೆ ಬೀಳಲಿಲ್ಲ. ಆಶ್ಲೀ ರೊಸೆಟ್ ಮತ್ತು ಲಿವಿಂಗ್‌ಸ್ಟನ್ ಕಂಡದ್ದು: ಸಂಸ್ಥೆ ಸೋತಾಗ ಮಾತ್ರ ಕಪ್ಪು ನಾಯಕಿಯನ್ನು ಬಿಳಿಯ ಮಹಿಳೆಗಿಂತಲೂ ಕಪ್ಪು ಪುರುಷನಿಗಿಂತಲೂ ಕಠಿಣವಾಗಿ ಅಳೆದರು. ದನಿ ಗಡುಸಾದರೆ ನಡೆದೀತು, ಸೋತರೆ ಕ್ಷಮೆಯಿಲ್ಲ. ಹಾಗಾಗಿ ಸೋಲಿನ ಸಂಭವ ಹೆಚ್ಚಿರುವ ಹುದ್ದೆಗೆ ಬೆಲೆಯೂ ಹೆಚ್ಚು ಕೇಳಬೇಕು.

ಒಪ್ಪುವುದಾದರೆ, ಸೇರುವ ಮೊದಲೇ ಕರಾರಿನಲ್ಲಿ ಇರಬೇಕಾದವು: ಕಾರಣವಿಲ್ಲದೆ ತೆಗೆದರೆ ಎಷ್ಟು ತಿಂಗಳ ಸಂಬಳ, ಅಧಿಕಾರ ಕತ್ತರಿಸಿದರೆ ಅಥವಾ ಮೊದಲಿಗಿಂತ ಕೆಳದರ್ಜೆಯ ಮೇಲಧಿಕಾರಿಗೆ ವರದಿ ಮಾಡಿಸಿದರೆ ತಾನಾಗಿ ಬಿಟ್ಟರೂ ಅದೇ ಪರಿಹಾರ, ಕಂಪನಿ ಮಾರಾಟವಾದರೆ ಷೇರುಗಳ ಗತಿ. ಸಾಲ ಯಾವ ವರ್ಷ ತೀರಿಸಬೇಕು, ಬಾಕಿ ಮೊಕದ್ದಮೆ ಏನೇನು ಎಂಬುದನ್ನು ಕಂಪನಿಯ ವಾರ್ಷಿಕ ವರದಿಯಲ್ಲಿ ಓದಬೇಕು. ಹಂಗಾಮಿ ಹುದ್ದೆಯಾದರೆ ಒಂದೇ ಪ್ರಶ್ನೆ: ಕಾಯಂ ಆಯ್ಕೆಯ ಪಟ್ಟಿಯಲ್ಲಿ ನನ್ನ ಹೆಸರು ಇದೆಯೇ? ಉತ್ತರ ಬರಹದಲ್ಲಿ ಬೇಕು.

ಪ್ರಶ್ನೆ: ಬಡ್ತಿಯಲ್ಲಿ ತಾರತಮ್ಯವಾದರೆ ಅಲ್ಲಿ ದೂರು ಕೊಡುವುದು ಹೇಗೆ? ವರ್ಣ, ಲಿಂಗ ಎರಡೂ ಕಾರಣವಾದರೆ ಯಾವುದನ್ನು ಆರಿಸಿಕೊಳ್ಳಬೇಕು?
— ಕಾನೂನು ವಿದ್ಯಾರ್ಥಿ

ಆರಿಸಿಕೊಳ್ಳಬಾರದು. ಈ ಪ್ರಶ್ನೆಗೆ ಒಂದು ಚರಿತ್ರೆಯೇ ಇದೆ. ಜನರಲ್ ಮೋಟಾರ್ಸ್ ವಿರುದ್ಧ ಐವರು ಕಪ್ಪು ಮಹಿಳೆಯರು ಹೂಡಿದ ಡಿಗ್ರಾಫೆನ್‌ರೀಡ್ ಪ್ರಕರಣದಲ್ಲಿ 1976ರಲ್ಲಿ ಮಿಸ್ಸೂರಿಯ ಫೆಡರಲ್ ನ್ಯಾಯಾಲಯ, ವರ್ಣ ಮತ್ತು ಲಿಂಗವನ್ನು ಬೆರೆಸಿ ಹೊಸದೊಂದು ವರ್ಗ ಮಾಡಲಾಗದು ಎಂದಿತು. ಕಂಪನಿ ಮಹಿಳೆಯರನ್ನು ನೇಮಿಸಿಕೊಂಡಿತ್ತು, ಅವರು ಬಿಳಿಯರು. ಹಾಗಾಗಿ ಲಿಂಗತಾರತಮ್ಯ ಇಲ್ಲ ಎಂಬ ತರ್ಕ. ಎರಡು ಬಾಗಿಲುಗಳ ನಡುವಿನ ಗೋಡೆಗೆ ಅವರ ತಲೆ ತಾಕಿತು. ಈ ಪ್ರಕರಣವನ್ನು ಬಿಡಿಸಿ ನೋಡುತ್ತಲೇ ಕಾನೂನು ವಿದ್ವಾಂಸೆ ಕಿಂಬರ್ಲಿ ಕ್ರೆನ್‌ಶಾ 1989ರಲ್ಲಿ 'ಇಂಟರ್‌ಸೆಕ್ಷನಾಲಿಟಿ' ಎಂಬ ಪದವನ್ನು ಮುಂದಿಟ್ಟರು: ವರ್ಣ, ಲಿಂಗದಂಥ ಎರಡು ತಾರತಮ್ಯಗಳು ಒಬ್ಬರ ಮೇಲೆ ಒಟ್ಟಿಗೆ ಬೀಳುವ ಸ್ಥಿತಿ ಅದು. ಅದಕ್ಕೂ ಮೊದಲೇ, 1980ರಲ್ಲಿ, ಹೂಸ್ಟನ್ನಿನ ಬಡ್ತಿ ವಿವಾದವೊಂದರಲ್ಲಿ, ಅಂದರೆ ಜೆಫ್ರೀಸ್ ಪ್ರಕರಣದಲ್ಲಿ, ಐದನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಬೇರೆ ಮಾತು ಹೇಳಿತ್ತು: ಕಪ್ಪು ಪುರುಷರಿಗೂ ಬಿಳಿ ಮಹಿಳೆಯರಿಗೂ ಅನ್ಯಾಯವಾಗಿಲ್ಲ ಎಂದ ಮಾತ್ರಕ್ಕೆ ಕಪ್ಪು ಮಹಿಳೆಗೆ ಆಗಿಲ್ಲ ಎನ್ನಲಾಗದು.

ಈಗ ಕ್ರಮ. 15 ಅಥವಾ ಹೆಚ್ಚು ನೌಕರರಿರುವ ಕಂಪನಿಗೆ ಉದ್ಯೋಗದಲ್ಲಿ ತಾರತಮ್ಯ ನಿಷೇಧಿಸುವ 1964ರ ನಾಗರಿಕ ಹಕ್ಕು ಕಾಯ್ದೆಯ 7ನೇ ಅಧ್ಯಾಯ ಅನ್ವಯಿಸುತ್ತದೆ. ನೇರ ಕೋರ್ಟಿಗೆ ಹೋಗುವಂತಿಲ್ಲ, ಮೊದಲು ಸಮಾನ ಉದ್ಯೋಗಾವಕಾಶ ಆಯೋಗ, ಅಂದರೆ ಇಇಒಸಿಗೆ ದೂರು ಕೊಡಬೇಕು. ಗಡುವು ಘಟನೆಯಿಂದ 180 ದಿನ. ಅದೇ ಬಗೆಯ ಕಾನೂನು ಜಾರಿ ಮಾಡುವ ರಾಜ್ಯ ಅಥವಾ ಸ್ಥಳೀಯ ಸಂಸ್ಥೆ ಇದ್ದಲ್ಲಿ 300 ದಿನ. ರಜೆ, ಭಾನುವಾರ ಎಲ್ಲವೂ ಎಣಿಕೆಗೆ ಬರುತ್ತವೆ. ಕಂಪನಿಯ ಒಳಗೆ ಎಚ್‌ಆರ್‌ಗೆ ದೂರು ಕೊಟ್ಟು ಕಾಯುತ್ತಿದ್ದರೆ ಈ ಗಡಿಯಾರ ನಿಲ್ಲುವುದಿಲ್ಲ. ಅತಿ ಹೆಚ್ಚು ಮಂದಿ ಸೋಲುವುದು ಇಲ್ಲೇ: 'ಪರಿಶೀಲಿಸುತ್ತಿದ್ದೇವೆ' ಎಂಬ ಮಿಂಚಂಚೆ ನಂಬಿ 181ನೇ ದಿನ ಎಚ್ಚರವಾಗುವುದು. ಒಂದೊಂದು ಬಡ್ತಿ ನಿರಾಕರಣೆಗೂ ಬೇರೆ ಬೇರೆ ಗಡುವು ಎಂಬುದು ನೆನಪಿರಲಿ.

ದೂರಿನ ನಮೂನೆಯಲ್ಲಿ ವರ್ಣ, ಲಿಂಗ ಎರಡೂ ಚೌಕಗಳಿಗೆ ಗುರುತು ಹಾಕಿ, ವಿವರಣೆಯಲ್ಲಿ 'ಕಪ್ಪು ಮಹಿಳೆಯಾದ ಕಾರಣ' ಎಂದು ಸೇರಿಸಿಯೇ ಬರೆಯಬೇಕು. ಬಿಟ್ಟ ಕಾರಣವನ್ನು ಮುಂದೆ ಕೋರ್ಟಿನಲ್ಲಿ ಎತ್ತಲು ಹೋದರೆ ಎದುರು ವಕೀಲರು ಅಲ್ಲೇ ತಡೆಯುತ್ತಾರೆ. ಆಯೋಗ ಮೊಕದ್ದಮೆ ಹೂಡುವ ಹಕ್ಕಿನ ಪತ್ರ ಕೊಟ್ಟ ಮೇಲೆ ಕೋರ್ಟಿಗೆ ಹೋಗಲು 90 ದಿನ.

ಪರಿಹಾರಕ್ಕೆ ಮಿತಿ ಇದೆ. ಮಾನಸಿಕ ಯಾತನೆ ಮತ್ತು ದಂಡರೂಪದ ಪರಿಹಾರ ಎರಡೂ ಸೇರಿ, ನೌಕರರು 100ರ ತನಕ ಇದ್ದರೆ 50,000 ಡಾಲರ್, 200ರ ತನಕ 1 ಲಕ್ಷ, 500ರ ತನಕ 2 ಲಕ್ಷ, ಅದಕ್ಕೂ ಮೇಲೆ ಎಷ್ಟೇ ದೊಡ್ಡ ಕಂಪನಿಯಾದರೂ 3 ಲಕ್ಷ. 1991ರಲ್ಲಿ ಗೊತ್ತುಮಾಡಿದ ಮೊತ್ತಗಳಿವು. ಸಿಗಬೇಕಾಗಿದ್ದ ಹಿಂದಿನ ಸಂಬಳ ಈ ಮಿತಿಯೊಳಗೆ ಬರುವುದಿಲ್ಲ. ಇದಕ್ಕೇ ವಕೀಲರು ಇನ್ನೊಂದು ದಾರಿಯನ್ನೂ ಜೊತೆಗೆ ಹಿಡಿಯುತ್ತಾರೆ: 1866ರ ಕಾಯ್ದೆಯಿಂದ ಬಂದ 1981ನೇ ಸೆಕ್ಷನ್. (ಅದು ಇಸವಿಯಲ್ಲ, ಸೆಕ್ಷನ್ನಿನ ಸಂಖ್ಯೆ.) ಅಲ್ಲಿ ಮೊತ್ತಕ್ಕೆ ಮಿತಿಯಿಲ್ಲ, 15 ನೌಕರರ ಷರತ್ತಿಲ್ಲ, ಆಯೋಗಕ್ಕೆ ಮೊದಲು ಹೋಗಬೇಕಿಲ್ಲ, ಬಹುತೇಕ ಪ್ರಕರಣಗಳಲ್ಲಿ 4 ವರ್ಷ ಅವಧಿ. ಆದರೆ ಅದು ವರ್ಣಕ್ಕೆ ಮಾತ್ರ, ಲಿಂಗಕ್ಕಲ್ಲ. ಜೊತೆಗೆ ಸುಪ್ರೀಂ ಕೋರ್ಟಿನ 2020ರ ಕಾಮ್‌ಕಾಸ್ಟ್ ತೀರ್ಪಿನ ಪ್ರಕಾರ, ವರ್ಣ ಕಾರಣವಾಗದಿದ್ದರೆ ಈ ನಷ್ಟ ಆಗುತ್ತಲೇ ಇರಲಿಲ್ಲ ಎಂದು ಸಾಬೀತು ಮಾಡಬೇಕು.

ನಾಯಕತ್ವದ ಹುದ್ದೆಯವರಿಗೆ ಉಪಯುಕ್ತವಾದ ಹೊಸ ತೀರ್ಪು 2024ರ ಏಪ್ರಿಲ್‌ನ ಮಲ್ಡ್ರೋ ಪ್ರಕರಣ. ಸೇಂಟ್ ಲೂಯಿಯ ಮಹಿಳಾ ಪೊಲೀಸ್ ಅಧಿಕಾರಿಯ ವರ್ಗಾವಣೆ ಅದು. ಸಂಬಳ, ದರ್ಜೆ ಇಳಿಯದಿದ್ದರೂ ಕೆಲಸದ ಸ್ಥಿತಿಗತಿಯಲ್ಲಿ ಒಂದಿಷ್ಟು ಹಾನಿಯಾಗಿದ್ದರೆ ಸಾಕು, ಹಾನಿ ಭಾರಿಯಾಗಿರಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಲಾಭ-ನಷ್ಟದ ಕುರ್ಚಿಯಿಂದ ಎಬ್ಬಿಸಿ, ಅದೇ ಸಂಬಳಕ್ಕೆ 'ವಿಶೇಷ ಯೋಜನೆ'ಗೆ ಸರಿಸುವುದು ಇಂಥದ್ದೇ ನಡೆ.

ಸಾಕ್ಷ್ಯದ ಬಗ್ಗೆ ಎರಡು ಎಚ್ಚರಿಕೆ. ದಿನಾಂಕ, ಆಡಿದ ಮಾತು, ಜೊತೆಗಿದ್ದವರ ಹೆಸರುಗಳನ್ನು ಸ್ವಂತ ಪುಸ್ತಕದಲ್ಲಿ ಅಂದಂದೇ ಬರೆದಿಡಿ. ಕಂಪನಿಯ ಲ್ಯಾಪ್‌ಟಾಪ್ ಹೋದ ದಿನ ಅದರಲ್ಲಿದ್ದ ಟಿಪ್ಪಣಿಯೂ ಹೋಗುತ್ತದೆ. ಆದರೆ ಗೋಪ್ಯ ಕಡತಗಳನ್ನು ಸ್ವಂತ ಮಿಂಚಂಚೆಗೆ ಕಳಿಸಿಕೊಳ್ಳಬೇಡಿ. ಆಮೇಲೆ ಬಯಲಾದ ಅಂಥ ತಪ್ಪು ಪರಿಹಾರವನ್ನು ಮೊಟಕುಗೊಳಿಸಬಹುದು ಎಂದು 1995ರ ಮೆಕೆನನ್ ತೀರ್ಪೇ ಇದೆ. ಮಾತುಕತೆ ಧ್ವನಿಮುದ್ರಿಸುವುದಾದರೆ ರಾಜ್ಯ ನೋಡಿ: ನ್ಯೂಯಾರ್ಕ್‌ನಲ್ಲಿ ಮಾತಾಡುವವರಲ್ಲಿ ಒಬ್ಬರ ಒಪ್ಪಿಗೆ ಸಾಕು, ಕ್ಯಾಲಿಫೋರ್ನಿಯಾದಲ್ಲಿ ಎಲ್ಲರದೂ ಬೇಕು.

ಕೆಲಸಕ್ಕೆ ಸೇರುವಾಗ ಮಧ್ಯಸ್ಥಿಕೆ ಕರಾರಿಗೆ, ಅಂದರೆ ವಿವಾದವನ್ನು ಕೋರ್ಟಿನ ಬದಲು ಖಾಸಗಿ ಮಧ್ಯಸ್ಥರ ಮುಂದೆ ಬಗೆಹರಿಸಿಕೊಳ್ಳುವ ಒಪ್ಪಂದಕ್ಕೆ, ಸಹಿ ಹಾಕಿದ್ದರೆ ಕೋರ್ಟಿನ ದಾರಿ ಮುಚ್ಚಿರಬಹುದು. 2022ರ ಕಾಯ್ದೆ ಲೈಂಗಿಕ ಕಿರುಕುಳದ ದೂರುಗಳನ್ನು ಆ ಬಲವಂತದಿಂದ ಬಿಡಿಸಿತು, ವರ್ಣತಾರತಮ್ಯವನ್ನಲ್ಲ. ಇನ್ನು, ಪರಿಹಾರದ ಹಣ ಕೊಟ್ಟು ಕಳಿಸುವ ಪತ್ರ ಮುಂದಿಟ್ಟರೆ ಅದೇ ದಿನ ಸಹಿ ಬೇಡ. 40 ವರ್ಷ ದಾಟಿದವರು ವಯೋತಾರತಮ್ಯದ ಹಕ್ಕನ್ನೂ ಬಿಟ್ಟುಕೊಡುವ ಪತ್ರವಾದರೆ, ಯೋಚಿಸಲು ಕನಿಷ್ಠ 21 ದಿನ, ಸಹಿಯ ನಂತರ ಹಿಂಪಡೆಯಲು 7 ದಿನ ಕೊಡಲೇಬೇಕು.

ಪ್ರಶ್ನೆ: ಸಂಬಳ ಕೇಳುವಾಗ ಯಾವ ಅಂಕಿ ಆಧಾರವಾಗಿಟ್ಟುಕೊಳ್ಳಬೇಕು? ಸಹೋದ್ಯೋಗಿಗಳ ಸಂಬಳ ಕೇಳುವುದು ತಪ್ಪಲ್ಲವೇ?

ತಪ್ಪಲ್ಲ. 1935ರ ರಾಷ್ಟ್ರೀಯ ಕಾರ್ಮಿಕ ಸಂಬಂಧ ಕಾಯ್ದೆ ನೌಕರರು ತಮ್ಮೊಳಗೆ ಸಂಬಳ ಚರ್ಚಿಸುವುದನ್ನು ರಕ್ಷಿಸುತ್ತದೆ. ಆದರೆ ಒಂದು ಕೊಕ್ಕೆ ಇದೆ, ಹಲವರಿಗೆ ಗೊತ್ತಿಲ್ಲ: ಇತರರ ಮೇಲ್ವಿಚಾರಣೆಯ ಅಧಿಕಾರ ಇರುವವರು ಆ ಕಾಯ್ದೆಯ ಹೊರಗೆ. ಅಂದರೆ ಬಡ್ತಿ ಸಿಕ್ಕ ದಿನವೇ ಆ ಕೊಡೆ ಮುಚ್ಚಿಕೊಳ್ಳುತ್ತದೆ. ಕ್ಯಾಲಿಫೋರ್ನಿಯಾದಂಥ ರಾಜ್ಯಗಳ ಕಾನೂನು ಅವರಿಗೂ ನೆರಳು ಕೊಡುತ್ತದೆ.

ಅಂಕಿಗೆ ಮೂರು ಮೂಲ. ಕೊಲರಾಡೊದಲ್ಲಿ 2021ರಿಂದ, ಕ್ಯಾಲಿಫೋರ್ನಿಯಾ ಮತ್ತು ನ್ಯೂಯಾರ್ಕ್ ರಾಜ್ಯಗಳಲ್ಲಿ 2023ರಿಂದ ಉದ್ಯೋಗ ಜಾಹೀರಾತಿನಲ್ಲಿ ಸಂಬಳದ ವ್ಯಾಪ್ತಿ ಹಾಕಲೇಬೇಕು. ಬೇರೆ ರಾಜ್ಯದಲ್ಲಿದ್ದರೂ ಅದೇ ಕಂಪನಿಯ ಅದೇ ಹುದ್ದೆಯ ಜಾಹೀರಾತನ್ನು ಅಲ್ಲಿ ಓದಬಹುದು. ಷೇರುಪೇಟೆಯಲ್ಲಿರುವ ಕಂಪನಿಯಾದರೆ ಸಿಇಒ, ಹಣಕಾಸು ಮುಖ್ಯಸ್ಥರು ಮತ್ತು ಅತಿ ಹೆಚ್ಚು ಪಡೆಯುವ ಇನ್ನು ಮೂವರ ಸಂಬಳ, ಬೋನಸ್, ಷೇರುಗಳ ಲೆಕ್ಕ, ಷೇರುದಾರರ ಸಭೆಗೆ ಮೊದಲು ಹೊರಡಿಸುವ ವಾರ್ಷಿಕ ಪ್ರಾಕ್ಸಿ ಪತ್ರದಲ್ಲಿ ಇರುತ್ತದೆ. ಅದು ಷೇರು ನಿಯಂತ್ರಣ ಆಯೋಗದ ಎಡ್ಗರ್ ತಾಣದಲ್ಲಿ ಉಚಿತ. ಮೂರನೆಯದು, ಅದೇ ಹುದ್ದೆಯಲ್ಲಿರುವ ಬಿಳಿಯ ಪುರುಷ ಸಹೋದ್ಯೋಗಿ. ತಮ್ಮಂತೆಯೇ ಕಡಿಮೆ ಪಡೆಯುವವರನ್ನೇ ಕೇಳಿದರೆ ಕಡಿಮೆ ಅಂಕಿಯೇ ಸರಿಯೆಂದು ತೋರುತ್ತದೆ.

ಮೂಲ ಸಂಬಳದಲ್ಲಿ ಅಂತರ ಚಿಕ್ಕದಾಗಿ ಕಾಣುವ ಕಡೆ ಅದು ದರ್ಜೆಯಲ್ಲೂ ಷೇರುಗಳಲ್ಲೂ ಅಡಗಿರುತ್ತದೆ. ಒಂದು ದರ್ಜೆ ಕೆಳಗೆ ಸೇರಿಸಿಕೊಂಡರೆ ಬೋನಸ್‌ನ ಶೇಕಡಾವಾರು, ಷೇರುಗಳ ಮೊತ್ತ, ಮುಂದಿನ ಬಡ್ತಿಯ ವರ್ಷ ಮೂರೂ ಕೆಳಗಿಳಿಯುತ್ತವೆ. ಆದ್ದರಿಂದ ಮೊದಲ ಪ್ರಶ್ನೆ 'ಎಷ್ಟು ಕೊಡುತ್ತೀರಿ' ಅಲ್ಲ. 'ಯಾವ ದರ್ಜೆಗೆ, ಆ ದರ್ಜೆಯ ವ್ಯಾಪ್ತಿಯಲ್ಲಿ ನಾನು ಎಲ್ಲಿ ಬೀಳುತ್ತೇನೆ?' ಹಿಂದಿನ ಸಂಬಳ ಎಷ್ಟಿತ್ತು ಎಂದು ಮ್ಯಾಸಚೂಸೆಟ್ಸ್, ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನಲ್ಲಿ ಕಂಪನಿ ಕೇಳುವಂತಿಲ್ಲ. ಹಳೆಯ ಅನ್ಯಾಯ ಹೊಸ ಕಂಪನಿಗೂ ಹಿಂಬಾಲಿಸದಿರಲಿ ಎಂದೇ ಆ ನಿಯಮ.

ಪ್ರಶ್ನೆ: ಕೂದಲಿಗೂ ಬಡ್ತಿಗೂ ಏನು ಸಂಬಂಧ? ಅದಕ್ಕೊಂದು ಕಾನೂನಂತೆ!

ಇದೆ. 2016ರಲ್ಲಿ 11ನೇ ಸರ್ಕ್ಯೂಟ್ ನ್ಯಾಯಾಲಯ, ಜಡೆಗಟ್ಟಿದ ಡ್ರೆಡ್‌ಲಾಕ್ಸ್ ತೆಗೆಯಲೊಪ್ಪದ ಕಪ್ಪು ಮಹಿಳೆಗೆ ಕೆಲಸ ನಿರಾಕರಿಸಿದ್ದು ವರ್ಣತಾರತಮ್ಯವಲ್ಲ ಎಂದಿತು. ಕೇಶಶೈಲಿ ಬದಲಿಸಬಹುದಾದದ್ದು ಎಂಬ ವಾದ. ಹುಟ್ಟುಗುಂಗುರು ಕೂದಲನ್ನು ರಾಸಾಯನಿಕದಿಂದ ನೇರ ಮಾಡಿಸಿಕೊಂಡರಷ್ಟೇ 'ಶಿಸ್ತಿನ ರೂಪ' ಎನ್ನುವ ಕಡೆ ಇದು ಚಿಕ್ಕ ಮಾತಲ್ಲ. 2019ರಲ್ಲಿ ಕ್ಯಾಲಿಫೋರ್ನಿಯಾ ಮೊದಲಿಗೆ ಕ್ರೌನ್ ಕಾಯ್ದೆ ತಂದು ಇಂಥ ತಾರತಮ್ಯ ನಿಷೇಧಿಸಿತು. ಅನೇಕ ರಾಜ್ಯಗಳು ಹಿಂಬಾಲಿಸಿದವು.

ಪ್ರಶ್ನೆ: 2025ರಲ್ಲಿ ಟ್ರಂಪ್ ಆದೇಶದ ನಂತರ ಇದೆಲ್ಲ ಮುಗಿದ ಕತೆಯೇ?
— ಪತ್ರಿಕೋದ್ಯಮ ವಿದ್ಯಾರ್ಥಿನಿ

ಏನು ಹೋಯಿತು, ಏನು ಉಳಿಯಿತು ಎಂದು ಬೇರ್ಪಡಿಸಿ ಬರೆಯಿರಿ. ಪತ್ರಿಕೆಗಳೇ ಇದನ್ನು ಕಲಸುಮೇಲೋಗರ ಮಾಡಿವೆ. ಹೋದದ್ದು: 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಹೊರಡಿಸಿದ್ದ 11246ನೇ ಕಾರ್ಯಾದೇಶ. ಸರ್ಕಾರಿ ಗುತ್ತಿಗೆ ಪಡೆಯುವ ಕಂಪನಿಗಳು ಸಮಾನ ಅವಕಾಶಕ್ಕೆ ಸಕ್ರಿಯ ಕ್ರಮ ಕೈಗೊಳ್ಳಬೇಕೆಂದು ಅದು ಹೇಳುತ್ತಿತ್ತು. 2025ರ ಜನವರಿ 21ರಂದು ಟ್ರಂಪ್ ಆದೇಶದಿಂದ ಅದು ರದ್ದಾಯಿತು. ಒಂದು ವರ್ಣದವರಿಗೆ ಮಾತ್ರ ಮೀಸಲಾದ ಕಾರ್ಯಕ್ರಮಗಳ ಮೇಲೂ ಕತ್ತಿ ತೂಗುತ್ತಿದೆ. ಕಪ್ಪು ಮಹಿಳಾ ಉದ್ಯಮಿಗಳಿಗೆ 20,000 ಡಾಲರ್ ಅನುದಾನ ಕೊಡುತ್ತಿದ್ದ ಫಿಯರ್‌ಲೆಸ್ ಫಂಡ್ ವಿರುದ್ಧ ಇಂಥ ಕಾರ್ಯಕ್ರಮಗಳ ವಿರೋಧಿಗಳು ಮೊಕದ್ದಮೆ ಹೂಡಿ, 2024ರ ಜೂನ್‌ನಲ್ಲಿ ತಡೆ ತಂದರು. ಹೂಡಿದ್ದು ಯಾವ ಕಾನೂನಿನಡಿ? ಗುಲಾಮಗಿರಿಯಿಂದ ಬಿಡುಗಡೆಯಾದವರ ರಕ್ಷಣೆಗೆಂದು 1866ರಲ್ಲಿ ಬಂದ, ಮೇಲೆ ಹೇಳಿದ ಅದೇ 1981ನೇ ಸೆಕ್ಷನ್.

ಉಳಿದದ್ದು: 1964ರ ಕಾಯ್ದೆ ಸಂಸತ್ತಿನದು, ಕಾರ್ಯಾದೇಶ ಅದನ್ನು ಅಳಿಸಲಾರದು. 180, 300 ಮತ್ತು 90 ದಿನಗಳ ಗಡುವುಗಳು ಹಾಗೇ ಇವೆ. ಹುದ್ದೆಗಳನ್ನು ಪ್ರಕಟಿಸುವುದು, ಮಾನದಂಡವನ್ನು ಮೊದಲೇ ಬರೆಯುವುದು, ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಶ್ನೆ ಕೇಳುವುದು, ಕಚೇರಿಯ ಮನೆಗೆಲಸಕ್ಕೆ ಸರದಿ ಹಾಕುವುದು — ಇವು ಯಾವ ವರ್ಣದ ಹೆಸರನ್ನೂ ಎತ್ತುವುದಿಲ್ಲ, ಆದ್ದರಿಂದ ಯಾವ ಆದೇಶಕ್ಕೂ ಸಿಕ್ಕುವುದಿಲ್ಲ. 'ಕಾನೂನು ಬದಲಾಯಿತು' ಎಂದು ಹೇಳಿ ಕಂಪನಿಯೊಂದು ಇವನ್ನೂ ಕೈಬಿಟ್ಟರೆ, ಯಾವ ಕಾನೂನು ಎಂದು ನಿಮ್ಮ ವರದಿಗಾಗಿ ಬರಹದಲ್ಲಿ ಕೇಳಿ.